ಚಿಕ್ಕಮಗಳೂರಿನ ಬೆಟ್ಟ, ಭದ್ರಾವತಿಯ ಕಬ್ಬಿಣ

ಭೂಪಟದಲ್ಲಿ ನೋಡಿದರೆ ಬಾಬಾಬುಡನ್‌ಗಿರಿ ಸಾಲು ಪೂರ್ತಿಯಾಗಿ ಚಿಕ್ಕಮಗಳೂರು ಜಿಲ್ಲೆಯದು. 1,925 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಅದಕ್ಕಿಂತ ಮೂವತ್ತು ಮೀಟರ್ ಕುಳ್ಳಗಿರುವ ಬಾಬಾಬುಡನ್‌ಗಿರಿ, ಬಡಗಲ ಅಂಚಿನ ಕೆಮ್ಮಣ್ಣುಗುಂಡಿ, ಯಾವುದರ ಮೇಲೂ ಶಿವಮೊಗ್ಗ ಜಿಲ್ಲೆಗೆ ಹಕ್ಕಿಲ್ಲ. ಆದರೆ ಈ ಬೆಟ್ಟವನ್ನು ದಶಕಗಳ ಕಾಲ ತಿಂದ ಊರು ಭದ್ರಾವತಿ. ಇವತ್ತಿಗೂ ಅದರ ನೀರು ಕುಡಿಯುತ್ತಿರುವ ಊರೂ ಅದೇ.

ತಿಂದದ್ದು ಕಬ್ಬಿಣದ ಅದಿರನ್ನು. ಕುಡಿಯುತ್ತಿರುವುದು ಭದ್ರೆಯನ್ನು. ಅದಿರಿನದು ಒಂದು ಕಥೆ, ಹೊಳೆಯದು ಇನ್ನೊಂದು ಎಂದುಕೊಂಡೇ ನಮ್ಮ ಸೀಮೆಯವರು ಬೆಳೆದಿದ್ದೇವೆ. ಶಾಲೆಯಲ್ಲೂ ಕೈಗಾರಿಕೆಯ ಪಾಠ ಬೇರೆ, ನದಿಗಳ ಪಾಠ ಬೇರೆ. ಬೆಟ್ಟದ ಕಡೆಯಿಂದ ನೋಡಿದರೆ ಎರಡೂ ಒಂದೇ. ಕಬ್ಬಿಣ ಇರುವುದರಿಂದ ಬೆಟ್ಟ ಅಷ್ಟು ಎತ್ತರಕ್ಕೆ ಉಳಿದಿದೆ. ಎತ್ತರಕ್ಕೆ ಉಳಿದದ್ದರಿಂದ ಮಳೆ ಅಲ್ಲಿ ಸುರಿಯುತ್ತದೆ. ಮಳೆ ಸುರಿದು ಸುರಿದೇ ಅಲ್ಲಿಯ ಕಲ್ಲು ಕುಲುಮೆಗೆ ಯೋಗ್ಯವಾದ ಅದಿರಾಯಿತು.

ಭದ್ರಾವತಿಯಿಂದ ತರೀಕೆರೆಯ ಕಡೆ ಹೊರಟು ಲಿಂಗದಹಳ್ಳಿ ದಾಟಿದರೆ ಬೆಟ್ಟ ಎದುರಿಗೇ ಗೋಡೆಯ ಹಾಗೆ ಏಳುತ್ತದೆ. ದೂರದಿಂದ ಒಂದೇ ಸಾಲಿನಂತೆ ಕಂಡರೂ ಅದು ನೇರ ಸಾಲಲ್ಲ, ಕುದುರೆ ಲಾಳದ ಹಾಗೆ ಬಾಗಿದೆ. ಚಂದ್ರದ್ರೋಣ ಪರ್ವತ ಎಂದು ಹಳಬರು ಕರೆದದ್ದು ಈ ಬಾಗನ್ನು ನೋಡಿಯೇ ಇರಬೇಕು. ಲಾಳದ ಬಾಯಿ ವಾಯವ್ಯಕ್ಕೆ, ಅಂದರೆ ಭದ್ರೆಯ ಕಡೆಗೆ ತೆರೆದಿದೆ. ಒಳಗಿನ ಕಣಿವೆ ಜಾಗರ. ಮುತ್ತೋಡಿಯ ದಟ್ಟ ಕಾಡು ಇರುವುದು ಅಲ್ಲೇ, ಅದರೊಳಗೆ ಹರಿಯುವ ಸೋಮವಾಹಿನಿ ಭದ್ರೆಯನ್ನು ಸೇರುತ್ತದೆ. ಲಾಳದ ಹೊರಮೈಯಲ್ಲಿ, ಮೂಡಣಕ್ಕೆ ಇಳಿದ ನೀರು ವೇದಾ, ಆವತಿ ಎಂಬ ಎರಡು ಹಳ್ಳಗಳಾಗಿ ಕಡೂರಿನ ಬಯಲು ಸೇರಿ ವೇದಾವತಿಯಾಗುತ್ತದೆ. ಒಂದೇ ಏಣಿನ ಮೇಲಿಂದ ಎಡಕ್ಕೆ ಬಿದ್ದ ಹನಿ ಭತ್ತದ ನಾಡಿಗೆ, ಬಲಕ್ಕೆ ಬಿದ್ದದ್ದು ರಾಗಿಯ ನಾಡಿಗೆ.

ಲಾಳದ ಈ ಬಾಗು ನೀರು ಕೊರೆದದ್ದಲ್ಲ, ಬಂಡೆಯ ಪದರಗಳೇ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡ ಗುರುತು. ಮಡಿಕೆಯ ಅಂಚಿನಲ್ಲಿ ಗಟ್ಟಿ ಪದರ ತಲೆ ಎತ್ತಿರುವಲ್ಲೆಲ್ಲ ಏಣಿದೆ.

ಆ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಎಲ್ಲಕ್ಕಿಂತ ಅಡಿಯಲ್ಲಿರುವುದು ಮುನ್ನೂರು ಕೋಟಿ ವರ್ಷಕ್ಕೂ ಹಳೆಯದಾದ ನೈಸ್ ಶಿಲೆ, ಬಯಲುಸೀಮೆಯಲ್ಲಿ ಎಲ್ಲಿ ಬಾವಿ ತೋಡಿದರೂ ಸಿಗುವ ಬೂದುಬಣ್ಣದ ಪಟ್ಟೆಗಲ್ಲು. ಅದರ ಮೇಲೆ ಚಿಕ್ಕಮಗಳೂರಿನ ಹತ್ತಿರದ ಕರ್ತಿಕೆರೆಯಲ್ಲಿ ಒಂದು ವಿಚಿತ್ರ ಪದರ ಕಾಣುತ್ತದೆ. ಹೊಳೆಯೊಂದು ಉರುಳಿಸಿ ನುಣುಪು ಮಾಡಿದ ಬೆಣಚುಕಲ್ಲಿನ ಗುಂಡುಗಳು ಕಾಂಕ್ರೀಟಿನಂತೆ ಅಂಟಿಕೊಂಡ ಬಂಡೆ ಅದು. ಬಾಬಾಬುಡನ್ ಸಾಲಿನ ಬುಡದ ಇಂಥ ಪದರಗಳಲ್ಲಿ ಪೈರೈಟ್ ಹರಳುಗಳೂ ಇವೆ. ಕಬ್ಬಿಣ ಮತ್ತು ಗಂಧಕ ಸೇರಿದ ಪೈರೈಟನ್ನು ಈಗ ಹೊಳೆಯ ಮರಳಿಗೆ ಬಿಟ್ಟರೆ ಬಲುಬೇಗ ತುಕ್ಕು ಹಿಡಿದು ಕರಗಿಹೋಗುತ್ತದೆ. ಆ ಹೊಳೆಯಲ್ಲಿ ಮಾತ್ರ ಅದು ಉರುಳಿದರೂ ತುಕ್ಕು ಹಿಡಿಯಲಿಲ್ಲ. ಯಾಕೆಂದರೆ ಆಗಿನ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ ಎನ್ನಬಹುದಾದಷ್ಟು ಕಡಿಮೆ. ಮಲೆನಾಡಿನ ತಂಪುಗಾಳಿ ಕುಡಿಯಲು ಬೆಟ್ಟ ಹತ್ತುವವರು ನೆನಪಿಡಬೇಕಾದ ಸಂಗತಿ: ಬೆಟ್ಟದ ಬುಡ ರೂಪುಗೊಂಡಾಗ ಇಲ್ಲಿ ಉಸಿರಾಡಲು ಏನೂ ಇರಲಿಲ್ಲ.

ಗುಂಡುಕಲ್ಲಿನ ಮೇಲೆ ಲಾವಾ ಹರಿದಿದೆ, ಒಂದು ಸಲವಲ್ಲ, ಮತ್ತೆ ಮತ್ತೆ. ಎರಡು ಹರಿವುಗಳ ನಡುವೆ ಮರಳು ಕೂತು ಗಟ್ಟಿಯಾದ ಬೆಣಚುಶಿಲೆಯ ಪಟ್ಟಿಗಳು. ಕೆಲವು ಕಡೆ ಆ ಮರಳಿನ ಮೇಲೆ ನೀರಿನ ಅಲೆ ಮೂಡಿಸಿದ ಗೆರೆಗಳು ಹಾಗೇ ಕಲ್ಲಾಗಿವೆ. ಆಮೇಲೆ ನೆಲ ಕುಸಿಯುತ್ತ ಹೋಯಿತು, ಸಮುದ್ರ ಆಳವಾಯಿತು. ಅದರ ತಳದಲ್ಲಿ ಕಬ್ಬಿಣ ಕೂರತೊಡಗಿತು. ಇವತ್ತು ಕರ್ನಾಟಕದ ಅತಿ ಎತ್ತರದ ಜಾಗವಾಗಿರುವ ಮುಳ್ಳಯ್ಯನಗಿರಿಯ ತುದಿ ಹೀಗೆ ಕಡಲತಳದಲ್ಲಿ ಶುರುವಾಯಿತು. ವಯಸ್ಸು 270ರಿಂದ 290 ಕೋಟಿ ವರ್ಷಗಳ ನಡುವೆ.

ಈ ಪದರಗಳನ್ನು ಕ್ರಮವಾಗಿ ಗುರುತಿಸಿ ಹೆಸರಿಟ್ಟವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸ್ವಾಮಿನಾಥ್ ಮತ್ತು ರಾಮಕೃಷ್ಣನ್. 1981ರಲ್ಲಿ ಪ್ರಕಟವಾದ ಅವರ ಬೃಹತ್ ಕೃತಿಯಿಂದ ಈಚೆಗೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂಬ ನಮ್ಮ ಊರುಗಳ ಹೆಸರು ಜಗತ್ತಿನ ಭೂವಿಜ್ಞಾನದ ಬರಹಗಳಲ್ಲಿ ಬಂಡೆಗಳ ಹೆಸರಾಗಿ ಓಡಾಡುತ್ತಿವೆ. ಆಸ್ಟ್ರೇಲಿಯಾದಲ್ಲೋ ದಕ್ಷಿಣ ಆಫ್ರಿಕಾದಲ್ಲೋ ಇಷ್ಟೇ ಹಳೆಯ ಬಂಡೆಯನ್ನು ಬಗೆದವರು ತಮ್ಮದನ್ನು ಅಲ್ಲಂಪುರದ ಜೊತೆ ಹೋಲಿಸಿ ನೋಡುತ್ತಾರೆ. ಅಲ್ಲಂಪುರದ ಎಷ್ಟು ಜನರಿಗೆ ಇದು ಗೊತ್ತೋ!

ಕಬ್ಬಿಣದ ಪದರವನ್ನು ಒಮ್ಮೆ ಕೈಯಲ್ಲಿ ಹಿಡಿದವರು ಮರೆಯುವುದಿಲ್ಲ. ಪತ್ರೊಡೆಯ ಸುರುಳಿಯನ್ನು ಅಡ್ಡಕ್ಕೆ ಕೊಯ್ದಾಗ ಎಲೆಯ ಗೆರೆ, ಹಿಟ್ಟಿನ ಗೆರೆ ಒಂದರ ಮೇಲೊಂದು ಕಾಣುವಂತೆ ಇಲ್ಲಿಯೂ ಕಪ್ಪು ಗೆರೆ, ಬಿಳಿ ಗೆರೆ. ಕಪ್ಪು ಕಬ್ಬಿಣದ ಆಕ್ಸೈಡ್, ಬಿಳಿ ಅಥವಾ ಕೆಂಪು ಬಹುಪಾಲು ಸಿಲಿಕಾ. ಕೆಲವು ಗೆರೆಗಳ ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ಮ್ಯಾಗ್ನೆಟೈಟ್ ಹೆಚ್ಚಿರುವ ಬಂಡೆಯ ಹತ್ತಿರ ದಿಕ್ಸೂಚಿಯನ್ನು ನಂಬುವಂತಿಲ್ಲ, ಮುಳ್ಳು ಬಂಡೆಯ ಕಡೆಗೇ ವಾಲುತ್ತದೆ.

ಇಷ್ಟೊಂದು ಕಬ್ಬಿಣ ನೀರಿನಲ್ಲಿ ಬಂದದ್ದೆಲ್ಲಿಂದ? ಆಮ್ಲಜನಕ ಇಲ್ಲದ ನೀರಿನಲ್ಲಿ ಕಬ್ಬಿಣ ಉಪ್ಪಿನಂತೆ ಕರಗಿರುತ್ತದೆ. ಕಡಲತಳದ ಬಿಸಿನೀರಿನ ಬುಗ್ಗೆಗಳು ಅದನ್ನು ಉಗುಳುತ್ತಲೇ ಇದ್ದವು. ಸೂರ್ಯನ ಬೆಳಕು ಉಂಡು ಬದುಕುವ ಸೂಕ್ಷ್ಮಜೀವಿಗಳು ಬಂದಮೇಲೆ ಆಟ ಬದಲಾಯಿತು. ಅವುಗಳ ಪೈಕಿ ಕೆಲವು ಆಮ್ಲಜನಕ ಬಿಟ್ಟವು, ಕೆಲವು ನೇರವಾಗಿ ಕಬ್ಬಿಣವನ್ನೇ ಬಳಸಿಕೊಂಡವು. ಎರಡು ದಾರಿಯಲ್ಲೂ ಕೊನೆಗೆ ಆದದ್ದು ತುಕ್ಕು. ತುಕ್ಕು ನೀರಿನಲ್ಲಿ ಕರಗದೆ ತಳಕ್ಕೆ ಇಳಿಯಿತು. ಯಾವ ಜೀವಿಯ ಪಾಲೆಷ್ಟು ಎಂಬ ವಾದ ವಿಜ್ಞಾನಿಗಳ ನಡುವೆ ಮುಗಿದಿಲ್ಲ. ಆದರೆ ಅಂಥ ಜೀವಿಗಳು ಈ ಸೀಮೆಯ ಕಡಲಿನಲ್ಲಿ ಇದ್ದವು ಎನ್ನುವುದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಕುಂಸಿ ಸಿಗುತ್ತದಲ್ಲ, ಮ್ಯಾಂಗನೀಸ್ ಗಣಿಗೆ ಹೆಸರಾದ ಊರು, ಅಲ್ಲಿಯ ಸುಣ್ಣಗಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಲೋಳೆಯಂತೆ ಚಾಪೆ ಕಟ್ಟಿಕೊಂಡು ಬೆಳೆದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಬಿಟ್ಟುಹೋದ ಕಲ್ಲಿನ ಗುಮ್ಮಟಗಳು ಅವು. ಬಾಬಾಬುಡನ್ ಬಂಡೆಗಳಿಗಿಂತ ತುಸು ಈಚಿನವು. ಆದರೂ ಭಾರತದಲ್ಲಿ ಜೀವ ಇತ್ತು ಎಂದು ಕಲ್ಲೇ ಹೇಳುವ ಅತಿ ಹಳೆಯ ಜಾಗಗಳ ಪೈಕಿ ಕುಂಸಿಯೂ ಒಂದು. ಬಸ್ಸಿನಲ್ಲಿ ದಿನಾ ಅದರ ಪಕ್ಕದಲ್ಲೇ ಹಾದುಹೋಗುತ್ತೇವೆ.

ಕಡಲತಳ ಮೇಲೆ ಬಂದದ್ದು ಹೇಗೆ ಎಂಬುದಕ್ಕೆ ಹಿಮಾಲಯದ ಉತ್ತರ ಇಲ್ಲಿ ನಡೆಯದು. ಹಿಮಾಲಯ ಐದು ಕೋಟಿ ವರ್ಷಗಳ ಈಚೆಗೆ ಎದ್ದ, ಈಗಲೂ ಏಳುತ್ತಿರುವ ಎಳೆಯ ಪರ್ವತ. ನಮ್ಮದು ಎದ್ದದ್ದಕ್ಕಿಂತ ಹೆಚ್ಚಾಗಿ ಉಳಿದದ್ದು. ಮೂಲ ಮಡಿಕೆಯ ಬೆಟ್ಟಗಳು ಯಾವತ್ತೋ ಸವೆದು ನೆಲಸಮವಾಗಿದ್ದವು. ಸುಮಾರು ಒಂಬತ್ತು ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಹರಿದುಕೊಂಡು ದೂರವಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಕಾಲದ ಜ್ವಾಲಾಮುಖಿಯವೇ. ಹೀಗೆ ಹರಿದ ಭೂಖಂಡದ ಅಂಚು ಎತ್ತರಿಸಿ ಘಟ್ಟವಾಯಿತು. ಎತ್ತರಿಸಿದ ನೆಲವನ್ನು ಮಳೆ ಕೊರೆಯಲು ಶುರುಮಾಡಿದಾಗ ನೈಸ್ ಶಿಲೆ, ಲಾವಾದ ಶಿಲೆ ಬೇಗ ಶಿಥಿಲವಾದವು. ಸಿಲಿಕಾ ಮತ್ತು ಕಬ್ಬಿಣ ಬೆಸೆದ ಪಟ್ಟೆಗಲ್ಲು ಜಗ್ಗಲಿಲ್ಲ. ಸುತ್ತಲಿನ ನೆಲ ಇಳಿಯಿತು, ಅದು ಇದ್ದಲ್ಲೇ ಉಳಿಯಿತು. ಕುದುರೆಮುಖದ 1,894 ಮೀಟರಿನ ಶಿಖರವಾಗಲಿ, ಹೊಸನಗರ ತಾಲ್ಲೂಕಿನ 1,343 ಮೀಟರಿನ ಕೊಡಚಾದ್ರಿಯಾಗಲಿ, ಕಬ್ಬಿಣದ ಕಲ್ಲು ಇರುವ ಬೆಟ್ಟಗಳೇ. ನಮ್ಮ ಕಡೆ ಎತ್ತರದ ತಲೆ ಎಲ್ಲಿ ಕಂಡರೂ ಅಲ್ಲಿ ಕಬ್ಬಿಣವಿದೆಯೇ ಎಂದು ಕೇಳುವುದು ಪೆದ್ದು ಪ್ರಶ್ನೆಯಲ್ಲ.

ಇನ್ನು ಮಳೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಮೊದಲು ಬಡಿಯುವುದು ಘಟ್ಟದ ಅಂಚಿಗೆ. ಏರಲೇಬೇಕು, ಏರಿದರೆ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಹೊತ್ತ ನೀರನ್ನು ಇಳಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ಈ ಮೊದಲ ಹೊಡೆತದ್ದು. ಅಲ್ಲಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ, ಮಳೆ ಸಾವಿರ ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಇನ್ನೂ ಮೂಡಣಕ್ಕೆ ಕಡೂರಿಗೆ ಹೋದರೆ ಆರುನೂರರ ಸುತ್ತಮುತ್ತ. ಬಾಬಾಬುಡನ್ ಸಾಲು ಘಟ್ಟದ ಅಂಚಿನಲ್ಲಿಲ್ಲ, ಒಳನಾಡಿನಲ್ಲಿ ನಿಂತ ಎರಡನೆಯ ಗೋಡೆ. ಮೊದಲ ಗೋಡೆ ದಾಟಿ, ಅರ್ಧ ಹಗುರಾಗಿ ಬಂದ ಗಾಳಿಯನ್ನು ಇದು ಮತ್ತೊಮ್ಮೆ ಮೇಲಕ್ಕೆ ದೂಡುತ್ತದೆ. ಘಟ್ಟಕ್ಕಿಂತ ಎತ್ತರವಾಗಿರುವುದರಿಂದಲೇ ಆ ಎರಡನೆಯ ಪಾಲು ಸಿಗುತ್ತದೆ. ಇಲ್ಲದಿದ್ದರೆ ತರೀಕೆರೆಯಾಚೆಗೆಲ್ಲ ಕಡೂರೇ ಆಗಿರುತ್ತಿತ್ತು.

ಭದ್ರಾವತಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ತುದಿ ಅದಕ್ಕಿಂತ 1,300 ಮೀಟರಿಗೂ ಮೇಲೆ. ಒಂದು ಕಿಲೋಮೀಟರ್ ಏರಿದರೆ ಆರೂವರೆ ಡಿಗ್ರಿ ತಂಪು ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ಕೆಳಗೆ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದ್ದಾಗ ಮೇಲೆ 28ರ ಹತ್ತಿರ ಇರಬೇಕು. ಬೇಸಿಗೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೆಮ್ಮಣ್ಣುಗುಂಡಿಗೆ ಬರುತ್ತಿದ್ದದ್ದಕ್ಕೆ ಬೇರೆ ಕಾರಣ ಬೇಕಿಲ್ಲ. ಆದರೆ ಏಣಿನ ಮೇಲಿನ ಹವೆಯನ್ನು ಥರ್ಮಾಮೀಟರ್ ಒಂದೇ ಹೇಳಲಾರದು. ಗಾಳಿ ನಿಲ್ಲುವುದಿಲ್ಲ. ಆರಿದ್ರಾದಿಂದ ಆಶ್ಲೇಷದವರೆಗಿನ ಮಳೆಗಳಲ್ಲಿ ದಿನಗಟ್ಟಲೆ ಮೋಡದ ಒಳಗೇ ಇರಬೇಕು. ಕಬ್ಬಿಣದ ಕಲ್ಲಿನ ಮೇಲೆ ಮಣ್ಣು ತೆಳು, ಬೇರಿಗೆ ಹಿಡಿತವಿಲ್ಲ. ಹಾಗಾಗಿ ಏಣಿನಲ್ಲಿ ಮರವಿಲ್ಲ, ಬರೀ ಹುಲ್ಲು. ಮಣ್ಣು ಕೊಚ್ಚಿ ಬಂದು ನಿಂತ, ಗಾಳಿ ತಾಗದ ಕಣಿವೆಯ ಸಂದುಗಳಲ್ಲಿ ಶೋಲಾ ಕಾಡು. ಬೋಳು ಗುಡ್ಡ ಕಂಡ ಕೂಡಲೇ ಯಾರೋ ಕಾಡು ಕಡಿದಿದ್ದಾರೆಂದು ಬಯ್ದು, ಸಸಿ ನೆಡಲು ಹೊರಡುವ ಉತ್ಸಾಹಿಗಳಿದ್ದಾರೆ. ಆ ಹುಲ್ಲೇ ಅಲ್ಲಿಯ ಕಾಡು. 2022ರಲ್ಲಿ ಇಳಿಜಾರೆಲ್ಲ ನೀಲಿಯಾಗುವಂತೆ ಕುರಿಂಜಿ ಅರಳಿದ್ದು ಆ ಹುಲ್ಲುಗಾವಲಿನಲ್ಲೇ. ಬಾಬಾಬುಡನ್ ಮೋಕಾದಿಂದ ಏಳು ಕಾಫಿ ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಆ ಬೀಜದ ಸಂತತಿ ಬೇರೂರಿದ್ದು ಮಾತ್ರ ಏಣಿನ ಮೇಲಲ್ಲ, ಕೆಳಗಿನ ಇಳಿಜಾರಿನ ನೆರಳಿನಲ್ಲಿ.

ಈ ಮಳೆಯ ಲೆಕ್ಕ ಶಿವಮೊಗ್ಗದವರಿಗೆ ಸಿಗುವುದು ತುಂಗೆಯ ನಡುವಿನ ಕೋರ್ಪಲಯ್ಯನ ಮಂಟಪದಲ್ಲಿ. ಮಂಟಪ ಮುಳುಗಿತು ಎಂದರೆ ಹೊಳೆ ತುಂಬಿತು ಎಂದರ್ಥ, ಅವತ್ತು ಸೇತುವೆಯ ಮೇಲೆ ಜಾತ್ರೆ. ಭದ್ರಾವತಿಯವರು ಇನ್ನೂ ಕಾಯಬೇಕು. ತುಂಗೆ, ಭದ್ರೆ ಎರಡೂ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲೇ, ಎರಡಕ್ಕೂ ಮಳೆ ಒಂದೇ ವಾರ ಶುರುವಾಗುತ್ತದೆ. ಆದರೆ ಗಾಜನೂರಿನ ತುಂಗಾ ಅಣೆಕಟ್ಟು ಹಿಡಿಯುವುದು ಮೂರು ಟಿಎಂಸಿಗೆ ತುಸು ಹೆಚ್ಚು. ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ. ಚಿಕ್ಕದು ಮುಂಗಾರಿನ ಮೊದಲ ಜೋರಿಗೇ ತುಂಬಿ ಹರಿಯುತ್ತದೆ, ದೊಡ್ಡದು 186 ಅಡಿ ಮುಟ್ಟಲು ಬೆಟ್ಟದ ಮೇಲೆ ಪುಷ್ಯ, ಆಶ್ಲೇಷ ಕೂಡ ಸುರಿಯಬೇಕು. ಜಲಾಶಯದ ಅಂಕಿಯನ್ನು ಪೇಪರಿನಲ್ಲಿ ದಿನಾ ನೋಡುವ ದಾವಣಗೆರೆಯ ಭತ್ತದ ರೈತನೂ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಕಾಯುತ್ತಿರುವುದು ಕಬ್ಬಿಣದ ಕಲ್ಲಿನ ಎರಡು ಬೆಟ್ಟಸಾಲುಗಳನ್ನು.

ಏಣಿನ ಆಚೆ ಮಗ್ಗುಲಿನ ಕಥೆ ಬೇರೆ. ವೇದಾವತಿಗೆ ಅಡ್ಡಲಾಗಿ ಹಿರಿಯೂರಿನ ಹತ್ತಿರ ಮೈಸೂರು ಸಂಸ್ಥಾನ ಕಟ್ಟಿಸಿದ ವಾಣಿವಿಲಾಸ ಸಾಗರ, ಮಾರಿಕಣಿವೆ, ಮುಗಿದದ್ದು 1907ರಲ್ಲಿ. ಅದು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ನಂತರ. ಆ ಹೊತ್ತಿಗೆ ಭದ್ರೆಯ ನೀರನ್ನು ಎತ್ತಿ ಅಜ್ಜಂಪುರದ ಸುರಂಗದಿಂದ ಆ ಕಡೆಗೆ ಹರಿಸಲು ಶುರುವಾಗಿತ್ತು. ಬೆಟ್ಟ ಪಡುವಣಕ್ಕೆ ಹಂಚಿದ್ದನ್ನು ಪಂಪು ಮೂಡಣಕ್ಕೆ ಮರುಹಂಚುತ್ತಿದೆ.

ಮಳೆ ಹೊಳೆ ತುಂಬಿಸಿದ್ದಷ್ಟೇ ಅಲ್ಲ, ಇನ್ನೊಂದು ಕೆಲಸವನ್ನೂ ಮಾಡಿದೆ. ಪಟ್ಟೆಗಲ್ಲು ಇದ್ದ ಹಾಗೇ ಕುಲುಮೆಗೆ ಒಳ್ಳೆಯ ಅದಿರಲ್ಲ. ಕುದುರೆಮುಖದ ಕಲ್ಲಿನಲ್ಲಿ ಕಬ್ಬಿಣ ನೂರಕ್ಕೆ ನಲವತ್ತರ ಕೆಳಗೆ, ಉಳಿದದ್ದು ಬಹುಪಾಲು ಸಿಲಿಕಾ. ಅದಕ್ಕೇ ಅಲ್ಲಿ ಕಲ್ಲನ್ನು ಪುಡಿಮಾಡಿ, ತೊಳೆದು, ರಾಡಿಯನ್ನು ಕೊಳವೆಯಲ್ಲಿ ಮಂಗಳೂರಿಗೆ ಕಳಿಸಬೇಕಾಯಿತು. ಕೆಮ್ಮಣ್ಣುಗುಂಡಿಯಲ್ಲಿ ಆ ತೊಳೆಯುವ ಕೆಲಸವನ್ನು ಪ್ರಕೃತಿಯೇ ಮಾಡಿ ಇಟ್ಟಿತ್ತು. ಬಿಸಿಲು ಮಳೆ ಎರಡೂ ಹೆಚ್ಚಿರುವ ನೆಲದಲ್ಲಿ ಲಕ್ಷಾಂತರ ವರ್ಷ ನೀರು ಇಂಗುತ್ತ ಇಂಗುತ್ತ ಬಿಳಿ ಗೆರೆಯ ಸಿಲಿಕಾ ಕರಗಿ ಹೊರಟುಹೋಗುತ್ತದೆ. ಈಗಿನ ಗಾಳಿಯಲ್ಲಿ ಆಮ್ಲಜನಕವಿರುವುದರಿಂದ ಕಬ್ಬಿಣ ಮಾತ್ರ ಕರಗದೆ ಕೂರುತ್ತದೆ. ಬೆಟ್ಟದ ತಲೆಯ ಮೇಲಿನ ಕೆಂಪು ಟೊಪ್ಪಿಗೆ, ಜಂಬಿಟ್ಟಿಗೆ ಮತ್ತು ಅದರಡಿಯ ಮೆದು ಅದಿರು, ಹೀಗೆ ಆದದ್ದು. ಊರಿಗೆ ಹೆಸರು ಬಂದದ್ದೂ ಆ ಬಣ್ಣದಿಂದಲೇ.

ಆ ಟೊಪ್ಪಿಗೆಯನ್ನು ನೋಡಿಯೇ ಬೆಂಕಿಪುರ ಎಂಬ ಚಿಕ್ಕ ಊರಿನಲ್ಲಿ ಭದ್ರೆಯ ದಂಡೆಗೆ ಕಾರ್ಖಾನೆ ಬಂತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿಲ್ಲ. ಆದರೆ ಅದಿರು, ಕಾಡು, ನೀರು ಒಂದೇ ಹಗಲಿನ ನಡಿಗೆಯ ಅಂತರದಲ್ಲಿದ್ದವು. ಸೌದೆಯನ್ನು ಭಟ್ಟಿಯಿಳಿಸಿ ಇದ್ದಿಲು ಮಾಡುವುದು, ಆ ಇದ್ದಿಲಿನಿಂದ ಕಬ್ಬಿಣ ಕರಗಿಸುವುದು ಎಂದು ತೀರ್ಮಾನವಾಯಿತು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ‘ವುಡ್ ಡಿಸ್ಟಿಲೇಷನ್’ ಇತ್ತು. 1918ರಲ್ಲಿ ಶುರುವಾದ ಕೆಲಸ ಮುಗಿದು 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತದ ಹೊಣೆ ಹೊತ್ತರು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ಕೂತು ತಣಿಗೆಬೈಲಿಗೆ ಇಳಿಯುತ್ತಿತ್ತು, ಅಲ್ಲಿಂದ ಸಣ್ಣ ರೈಲಿನಲ್ಲಿ ಭದ್ರಾವತಿಗೆ. ಭಂಡಿಗುಡ್ಡದ ಸುಣ್ಣಗಲ್ಲು ಇನ್ನೊಂದು ಕಡೆಯಿಂದ ಬರುತ್ತಿತ್ತು. ಕುಲುಮೆಯಲ್ಲಿ ಸುಣ್ಣಗಲ್ಲಿನ ಕೆಲಸವೇನು? ಮಳೆ ತೊಳೆದೂ ಅದಿರಿನಲ್ಲಿ ಉಳಿದ ಸಿಲಿಕಾವನ್ನು ಹಿಡಿದು ಕಿಟ್ಟವಾಗಿಸಿ ತೇಲಿಸುವುದು. ಬೆಟ್ಟದ ಮೇಲೆ ಲಕ್ಷಾಂತರ ವರ್ಷದಿಂದ ನಿಧಾನಕ್ಕೆ ನಡೆಯುತ್ತಿದ್ದ ಕೆಲಸದ ಕೊನೆಯ ಕಂತನ್ನು ಭದ್ರಾವತಿಯ ಕಾರ್ಮಿಕರು ಒಂದು ಪಾಳಿಯಲ್ಲಿ ಮುಗಿಸುತ್ತಿದ್ದರು. ಇದ್ದಿಲಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಕಬ್ಬಿಣವೂ ಒಳ್ಳೆಯದು. ಆ ಇದ್ದಿಲಿಗಾಗಿ ಹೋದ ಕಾಡಿನ ಲೆಕ್ಕ ಮಾತ್ರ ಯಾರ ಹೆಮ್ಮೆಯ ಭಾಷಣದಲ್ಲೂ ಬರುವುದಿಲ್ಲ.

ಮುಂದಿನದು ಊರಿನವರಿಗೆ ಬಾಯಿಪಾಠ. ಐವತ್ತರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದವು, ಕಾರ್ಖಾನೆಗೆ ಸರ್ ಎಂವಿ ಹೆಸರು ಬಂತು, 1998ರಲ್ಲಿ ಅದು ಉಕ್ಕು ಪ್ರಾಧಿಕಾರದೊಳಗೆ ವಿಲೀನವಾಯಿತು. ನೂರು ತುಂಬಿದ 2023ರ ಜನವರಿಯಲ್ಲೇ ಮುಚ್ಚುವ ತೀರ್ಮಾನದ ಸುದ್ದಿ ಬಂತು. ಆ ವರ್ಷ ಮಳೆಯೂ ಕೈಕೊಟ್ಟು ಭದ್ರಾ ಜಲಾಶಯ ತುಂಬಲಿಲ್ಲ. ಗೇಟಿನ ಮುಂದೆ ಗುತ್ತಿಗೆ ಕಾರ್ಮಿಕರು, ನಾಲೆಯ ಮೇಲೆ ರೈತರು, ಇಬ್ಬರೂ ಧರಣಿ ಕೂತ ವರ್ಷ ಅದು.

ಕಾರ್ಖಾನೆ ಸೊರಗಲು ಸ್ವಂತ ಗಣಿ ಇಲ್ಲದ್ದೇ ಕಾರಣ ಎಂಬ ಮಾತು ಭದ್ರಾವತಿಯ ಹೋಟೆಲುಗಳಲ್ಲಿ ಕಾಫಿಯಷ್ಟೇ ಸಾಮಾನ್ಯ. ಮಾತಿನಲ್ಲಿ ಹುರುಳಿದೆ. ಕೆಮ್ಮಣ್ಣುಗುಂಡಿಯ ಗಣಿ ನಿಂತಮೇಲೆ ಅದಿರು ಹೊರಗಿನಿಂದ ತರಿಸಿಯೇ ನಡೆಸಬೇಕಾಯಿತು. ಅದಕ್ಕೇ ಗಣಿ ಮತ್ತೆ ತೆರೆಯಲಿ ಎನ್ನುವವರೂ ಇದ್ದಾರೆ. ನಾನು ಅವರ ಜೊತೆಗಿಲ್ಲ. ಕಾರಣ ಹುಲಿ ಒಂದೇ ಅಲ್ಲ, ಭದ್ರಾ ಕಾಡು 1998ರಿಂದ ಹುಲಿ ರಕ್ಷಿತ ಪ್ರದೇಶ ಎನ್ನುವುದು ಕಾನೂನಿನ ಮಾತು. ಬೆಟ್ಟದ ಮಾತು ಬೇರೆ. ಅದಿರು ಇರುವ ಆ ಕೆಂಪು ಟೊಪ್ಪಿಗೆ ತೂತುತೂತಾದ ಕಲ್ಲು. ಸಿಲಿಕಾ ಕರಗಿಹೋದ ಜಾಗವೆಲ್ಲ ಈಗ ನೀರಿಗೆ ಮನೆ. ಮುಂಗಾರಿನಲ್ಲಿ ಬಿದ್ದದ್ದನ್ನು ಅದು ಇಂಗಿಸಿಕೊಂಡು, ಕೆಳಗಿನ ಪಟ್ಟೆಗಲ್ಲು ಸಿಕ್ಕಲ್ಲಿ ಪಕ್ಕಕ್ಕೆ ಒಸರಿಸುತ್ತದೆ. ಕಲ್ಹತ್ತಿಯ ಝರಿ, ಹೆಬ್ಬೆಯ ಜಲಪಾತ, ಶೋಲಾದ ಹಳ್ಳಗಳು ಮಳೆ ನಿಂತು ತಿಂಗಳುಗಳಾದರೂ ಹರಿಯುವುದರ ಗುಟ್ಟಿನಲ್ಲಿ ದೊಡ್ಡ ಪಾಲು ಅದರದ್ದು. ಟೊಪ್ಪಿಗೆ ತೆಗೆದರೆ ಮಳೆ ಬೀಳುವುದು ನಿಲ್ಲುವುದಿಲ್ಲ, ನಿಲ್ಲುವುದು ಈ ಇಂಗುವಿಕೆ. ಬಿದ್ದ ನೀರು ಕೆಂಪು ಮಣ್ಣನ್ನೂ ಹೊತ್ತು ಒಂದೇ ವಾರದಲ್ಲಿ ಲಕ್ಕವಳ್ಳಿಗೆ ಬಂದು, ಜಲಾಶಯದ ತಳದಲ್ಲಿ ಹೂಳು ಬಿಟ್ಟು ಹೋಗುತ್ತದೆ.

ಕುದುರೆಮುಖದಲ್ಲಿ ಈ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರ ಕೊನೆಯ ದಿನಕ್ಕೆ ಗಣಿ ಬಂದ್ ಆಯಿತು. ಭದ್ರೆ ಹುಟ್ಟುವ ಸೀಮೆಯ ಹೂಳಿನ ಪ್ರಶ್ನೆ ಆ ಮೊಕದ್ದಮೆಯ ನಡುಮಧ್ಯೆಯೇ ಇತ್ತು. ಭದ್ರಾವತಿಗೆ ಬೇಕಾದ ಅದಿರು ಸಂಡೂರಿನ ಬೆಟ್ಟಗಳಲ್ಲಿದೆ, ಅದೂ ಇದೇ ಧಾರವಾಡ ಶಿಲಾವರ್ಗದ ಕಬ್ಬಿಣವೇ. ಅಲ್ಲಿಂದ ಭದ್ರಾವತಿಗೆ ರೈಲಿನ ದಾರಿಯೂ ಇದೆ. ಬೇಕಿರುವುದು ಗಣಿಯ ಹಂಚಿಕೆ ಮತ್ತು ಬಂಡವಾಳ. ಅದನ್ನು ದಿಲ್ಲಿಯಲ್ಲಿ ಕೇಳಬೇಕು, ಕೆಮ್ಮಣ್ಣುಗುಂಡಿಯಲ್ಲಿ ಅಲ್ಲ.